ಲ್ಯಾಪ್‌ಟಾಪಿನ ಮೂಲೆಯ ಆಮೆ

ನಮ್ಮ ಅಮೀರ್‌ಪೇಟ್‌ನ ಮೈತ್ರಿವನಂ ಸುತ್ತಮುತ್ತ ಕಂಪ್ಯೂಟರ್ ಕೋರ್ಸು ಕಲಿಯಲು ರಾಯಚೂರು, ಬೀದರ್ ಕಡೆಯ ಹುಡುಗರೂ ಬರುತ್ತಾರೆ. ಲಿನಕ್ಸ್ ಕಲಿಯುವವರು ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಉಬುಂಟು ಓಡಿಸುತ್ತಾರೆ. ಸ್ವಂತ ಮನೆಯೊಳಗೆ ಬಾಡಿಗೆದಾರನನ್ನು ಇಟ್ಟುಕೊಂಡ ಹಾಗೆ.

ಮೊನ್ನೆ ನಮ್ಮ ಮಹಡಿ ಮನೆಯ ರಾಯಚೂರಿನ ಹುಡುಗ, "ಸರ್, ಹೊಸ ಲ್ಯಾಪ್‌ಟಾಪಿಗೆ ಲೋನ್ ಸಿಗ್ತದೇನ್ರಿ?" ಅಂದ. ಉಬುಂಟುವಿನಲ್ಲಿ ಕೀಲಿ ಒತ್ತಿ ಎಷ್ಟೋ ಹೊತ್ತಿಗೆ ಅಕ್ಷರ ಮೂಡುತ್ತಂತೆ. ಸಾಲಕ್ಕೆ ಮುಂಚೆ ಇನ್‌ಸ್ಪೆಕ್ಷನ್ ಮಾಡೋದು ನಮ್ಮ ಕಸುಬು ತಾನೇ? "ತೋರಿಸಪ್ಪಾ" ಅಂದೆ. ಇಷ್ಟು ವರ್ಷ ಅಮೀರ್‌ಪೇಟ್‌ನಲ್ಲಿದ್ದರೆ ಬಿ.ಕಾಂ. ಓದಿದವನಿಗೂ ಒಂದಿಷ್ಟು ಕಂಪ್ಯೂಟರ್ ವಿದ್ಯೆ ಅಂಟಿಕೊಳ್ಳುತ್ತೆ!

ಒಳಗಿನ ಯಂತ್ರಕ್ಕೆ ತನ್ನದೇ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ತೆರೆಯ ಮೇಲಿನ ಚಿತ್ರವನ್ನೂ ಪ್ರೊಸೆಸರೇ ಬಿಡಿಸುತ್ತಾ ಕೂರಬೇಕು, ಕ್ಯಾಷಿಯರೇ ಪಾಸ್‌ಬುಕ್ಕೂ ಬರೆದ ಹಾಗೆ. ವಿಡಿಯೋ ಮೆಮೊರಿ 16 ಎಂಬಿ ಇತ್ತು, 128ಕ್ಕೆ ಏರಿಸಿದೆವು. ಗೆಸ್ಟ್ ಅಡಿಷನ್ಸ್ ಹಾಕಿ, 3ಡಿ ಆಕ್ಸಿಲರೇಶನ್‌ಗೆ ಟಿಕ್ ಕೊಟ್ಟೆವು. ಕೊಂಚ ಚುರುಕಾಯಿತು, ಅಷ್ಟೇ.

ಆಗ ಕಂಡಿತು ನೋಡಿ, ಕೆಳಮೂಲೆಯಲ್ಲೊಂದು ಹಸಿರು ಆಮೆ! ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು ವಿಂಡೋಸಿನ ಹೈಪರ್-ವಿ ಮೊದಲೇ ಹಿಡಿದುಕೊಂಡಿದ್ದರೆ ವರ್ಚುವಲ್‌ಬಾಕ್ಸ್ ಈ ಆಮೆಯನ್ನು ತೋರಿಸುತ್ತದೆ. ಹೈಪರ್-ವಿ, ಮೆಮೊರಿ ಇಂಟಿಗ್ರಿಟಿ ಎರಡನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆವು. ಆಮೆ ಮಾಯ, ಅಕ್ಷರಗಳು ಬೆರಳಿನ ಜೊತೆಗೇ ಬಂದವು. ಮೆಮೊರಿ ಇಂಟಿಗ್ರಿಟಿ ಭದ್ರತೆಯ ವಿಷಯ, ಹಾಗಾಗಿ ಕೋರ್ಸು ಮುಗಿದ ಮೇಲೆ ಮತ್ತೆ ಆನ್ ಮಾಡಿಕೋ ಅಂತ ಹೇಳಿದ್ದೇನೆ.

ಬ್ಯಾಂಕಿಗೆ ಒಂದು ಸಾಲದ ಖಾತೆ ತಪ್ಪಿತು, ಊರಲ್ಲಿರುವ ಅವರಪ್ಪನಿಗೆ ಕಂತು ಕಟ್ಟೋದು ತಪ್ಪಿತು. ನಿಮ್ಮ ಮಕ್ಕಳೂ ಹೊಸ ಲ್ಯಾಪ್‌ಟಾಪ್ ಕೇಳಿದರೆ, ಅಂಗಡಿಗೆ ಹೋಗುವ ಮುಂಚೆ ಆಮೆ ಇದೆಯಾ ನೋಡಿ.