ಮುಟ್ಟಬಾರದ ಕಲ್ಲು

ಉತ್ತರ ಫ್ರಾನ್ಸಿನ ಲಾನ್ಸ್ ಊರಿನ ರೈಲು ನಿಲ್ದಾಣವನ್ನು ಉಗಿಬಂಡಿಯ ಆಕಾರದಲ್ಲೇ ಕಟ್ಟಿದ್ದಾರೆ. ಗಡಿಯಾರದ ಗೋಪುರವೇ ಅದರ ಹೊಗೆಕೊಳವೆ. “ಅಪ್ಪಾ, ಇಲ್ಲಿ ನಿಂತು ನೋಡು, ಆಗ ಗೊತ್ತಾಗುತ್ತೆ” ಎಂದು ಮಗಳು ರಸ್ತೆಯಾಚೆ ಎಳೆದುಕೊಂಡು ಹೋದಳು. ಅವಳು ಓದುತ್ತಿರುವುದು ಲೀಲ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಮೊದಲನೇ ಮಹಾಯುದ್ಧದಲ್ಲಿ ಲಾನ್ಸ್ ನೆಲಸಮವಾಗಿತ್ತು, ಈ ನಿಲ್ದಾಣ ಆಮೇಲಿನದು. ದೂರದಲ್ಲಿ ಎರಡು ಕಪ್ಪು ಗುಡ್ಡ ಕಾಣುತ್ತಿದ್ದವು. ಕಲ್ಲಿದ್ದಲು ಗಣಿಯಿಂದ ತೆಗೆದು ಸುರಿದ ಕಲ್ಲುಮಣ್ಣಿನ ರಾಶಿ ಅವು. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದ ನನಗೆ ಪರಿಚಿತರನ್ನು ಕಂಡ ಹಾಗಾಯಿತು.

ನಾವು ಹೋಗಬೇಕಿದ್ದದ್ದು ಎಸ್ತೆವೆಲ್ ಎಂಬ ಸಣ್ಣ ಊರಿಗೆ. ಅಲ್ಲಿನ ಸ್ಮಶಾನದಲ್ಲಿ ಕಲ್ಕತ್ತೆಯ ಹುಡುಗನೊಬ್ಬ ಮಲಗಿದ್ದಾನೆ. ಹೆಸರು ಇಂದ್ರಲಾಲ್ ರಾಯ್. ಆ ಯುದ್ಧದಲ್ಲಿ ‘ಏಸ್’ ಎನಿಸಿಕೊಂಡ ಭಾರತೀಯ ಇವನೊಬ್ಬನೇ. ಕನಿಷ್ಠ ಐದು ಶತ್ರು ವಿಮಾನ ಕೆಡವಿದವನಿಗೆ ಆ ಹೆಸರು ಸಲ್ಲುತ್ತಿತ್ತು. ಇವನ ಲೆಕ್ಕದಲ್ಲಿ ಹತ್ತು ಇವೆ. ಸತ್ತಾಗ ವಯಸ್ಸು ಹತ್ತೊಂಬತ್ತು. ನನ್ನ ಮಗಳಿಗಿಂತ ಮೂರು ವರ್ಷ ಚಿಕ್ಕವನು. ದಾರಿಯುದ್ದಕ್ಕೂ ಇದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಟ್ಯಾಕ್ಸಿ ಹೊಲಗಳ ನಡುವೆ ಸಾಗಿತು. ಗೋಧಿ ಕಟಾವಿಗೆ ಬಂದಿತ್ತು. ಮಗಳು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಹುಟ್ಟಿದ್ದು. ತಂದೆ ಬ್ಯಾರಿಸ್ಟರ್. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ತಾಯಿ ಲೋಲಿತಾ ರಾಯ್ 1911ರಲ್ಲಿ ಲಂಡನ್ನಿನ ಬೀದಿಯಲ್ಲಿ, ಹೆಂಗಸರಿಗೆ ಮತದ ಹಕ್ಕು ಕೊಡಿ ಎಂದು ನಡೆದ ದೊಡ್ಡ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ದವರು. ಅಂಥ ತಾಯಿಯ ಮಗ ಸುಮ್ಮನೆ ಕೂರುವವನಲ್ಲ. ಶಾಲೆ ಬಿಟ್ಟವನೇ ವಿಮಾನದಳಕ್ಕೆ ಅರ್ಜಿ ಹಾಕಿದ. ಕಣ್ಣು ಸರಿಯಿಲ್ಲ ಎಂದು ವಾಪಸು ಕಳಿಸಿದರು. ಹುಡುಗ ತನ್ನ ಮೋಟರ್‌ಬೈಕ್ ಮಾರಿ, ಆ ದುಡ್ಡಿನಲ್ಲಿ ಹೆಸರಾಂತ ಕಣ್ಣಿನ ವೈದ್ಯರ ಬಳಿ ಮತ್ತೊಮ್ಮೆ ತೋರಿಸಿಕೊಂಡ. ಮೊದಲಿನ ತೀರ್ಪು ಬಿದ್ದುಹೋಯಿತು. 1917ರ ಜುಲೈಯಲ್ಲಿ ಅವನು ಅಧಿಕಾರಿಯಾಗಿದ್ದ.

“ಮನೇಲಿ ಬೇಡ ಅನ್ನಲಿಲ್ವಾ?” ಎಂದಳು ಮಗಳು. ನನಗೂ ಅದೇ ಪ್ರಶ್ನೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಅವನ ವಿಮಾನ ನೆಲಕ್ಕೆ ಬಿತ್ತು. ಪ್ರಾಣ ಹೋಗಿದೆ ಎಂದೇ ತಿಳಿದು ಉತ್ತರ ಫ್ರಾನ್ಸಿನ ಎತಾಪ್ಲ್ ಆಸ್ಪತ್ರೆಯ ಶವಾಗಾರದಲ್ಲಿ ಮಲಗಿಸಿಬಿಟ್ಟರಂತೆ. ಎಚ್ಚರವಾದಾಗ ಸುತ್ತ ಹೆಣಗಳು. ಎದ್ದು ಬಾಗಿಲು ಬಡಿದು, ಶಾಲೆಯಲ್ಲಿ ಕಲಿತ ಫ್ರೆಂಚಿನಲ್ಲಿ ಕೂಗಿಕೊಂಡನಂತೆ. ಹೊರಗಿದ್ದವನಿಗೆ ಬಾಗಿಲು ತೆಗೆಯಲು ಧೈರ್ಯ ಬರಲಿಲ್ಲವಂತೆ. ಬೆಂಗಳೂರಿನಲ್ಲಿ ಕೂತು ಇದನ್ನು ಓದಿದಾಗ ಕಥೆಯ ಹಾಗಿತ್ತು. ಅದೇ ಸೀಮೆಯ ನೆಲದ ಮೇಲೆ ಮಗಳಿಗೆ ಹೇಳುವಾಗ ನನ್ನ ದನಿ ಸಣ್ಣಗಾಯಿತು. ಅಷ್ಟಾದ ಮೇಲೂ ಆ ಹುಡುಗ ಆಕಾಶ ಬಿಡಲಿಲ್ಲ. 1918ರ ಜೂನ್‌ನಲ್ಲಿ ನಲವತ್ತನೇ ಸ್ಕ್ವಾಡ್ರನ್ ಸೇರಿ ಮತ್ತೆ ಫ್ರಾನ್ಸಿಗೆ ಬಂದ.

ಅವನು ಹಾರಿಸುತ್ತಿದ್ದದ್ದು ಎಸ್.ಇ.5ಎ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ಒಬ್ಬನೇ ಕೂರುವ ವಿಮಾನ. ತಲೆಯ ಮೇಲೆ ಮುಚ್ಚಿಗೆಯಿಲ್ಲ. ಮೂಗಿನ ಮೇಲೆ ಒಂದು ವಿಕರ್ಸ್ ಬಂದೂಕು, ತಿರುಗುವ ಪ್ರೊಪೆಲ್ಲರಿನ ಸಂದಿಯಲ್ಲಿ ಗುಂಡು ದಾಟುವಂತೆ ಹೊಂದಿಸಿದ್ದು. ಮೇಲಿನ ರೆಕ್ಕೆಯ ಮೇಲೆ ಇನ್ನೊಂದು, ಲೂಯಿಸ್. ಅದರ ಗುಂಡಿನ ಡಬ್ಬಿ ಖಾಲಿಯಾದರೆ ಬಂದೂಕನ್ನು ಕಂಬಿಯ ಮೇಲೆ ಕೆಳಕ್ಕೆ ಜಾರಿಸಿ, ಸುತ್ತಿಗೆಯೇಟಿನಂಥ ಗಾಳಿಯಲ್ಲಿ ಎರಡೂ ಕೈ ಮೇಲೆತ್ತಿ ಹೊಸ ಡಬ್ಬಿ ಕೂರಿಸಬೇಕು. ಅಷ್ಟು ಹೊತ್ತು ವಿಮಾನ ಇರುವುದು ಎರಡು ಮೊಣಕಾಲಿನ ಹಿಡಿತದಲ್ಲಿ. ಬೆಂಕಿ ಹತ್ತಿದರೆ ಹಾರಿಕೊಳ್ಳಲು ಪ್ಯಾರಾಚೂಟ್ ಇಲ್ಲ. ಬ್ರಿಟಿಷ್ ಪೈಲಟ್‌ಗಳಿಗೆ ಆ ಯುದ್ಧ ಮುಗಿಯುವವರೆಗೂ ಅದನ್ನು ಕೊಡಲೇ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜುಲೈ 6ರಿಂದ 19. ಅಷ್ಟೇ ದಿನಗಳಲ್ಲಿ ಹತ್ತು. ಎಂಟನೇ ತಾರೀಖು ಒಂದೇ ದಿನ ಮೂರು. ಮರಣಾನಂತರ ಬಂದ ಡಿ.ಎಫ್.ಸಿ. ಪದಕದ ಒಕ್ಕಣೆಯಲ್ಲಿ ಹದಿಮೂರು ದಿನಕ್ಕೆ ಒಂಬತ್ತು ಎಂದಿದೆ. ಲೆಕ್ಕ ಯಾವುದಾದರೂ ಇರಲಿ, ಕೆಳಗೆ ಬಿದ್ದವರಲ್ಲೂ ಅವನ ವಯಸ್ಸಿನ ಹುಡುಗರಿದ್ದರು ಎಂಬುದು ನನ್ನ ಮನಸ್ಸಿನಿಂದ ಹೋಗಲಿಲ್ಲ. ಜುಲೈ 22ರಂದು ಇಲ್ಲೇ ಪಕ್ಕದ ಕಾರ್ವಾಂ ಊರಿನ ಮೇಲೆ ಜರ್ಮನರ ಫೊಕ್ಕರ್ ವಿಮಾನಗಳ ಜೊತೆ ಕಾಳಗವಾಯಿತು. ಇವನ ವಿಮಾನ ಉರಿಯುತ್ತಲೇ ಬಿತ್ತು. ಆಗ ಈ ಸೀಮೆಯೆಲ್ಲ ಜರ್ಮನರ ಕೈಯಲ್ಲಿತ್ತು. ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದ ಐರಿಶ್ ಕ್ಯಾಪ್ಟನ್ ಜಾರ್ಜ್ ಮೆಕೆಲ್ರಾಯ್ ಕೂಡ ಅದೇ ತಿಂಗಳ ಕೊನೆಯ ದಿನ ಹೋಗಿಬಿಟ್ಟ.

ಸ್ಮಶಾನ ಊರ ಜನರದ್ದೇ. ಹೊಳೆಯುವ ಗ್ರಾನೈಟ್ ಗೋರಿಗಳು, ಪಿಂಗಾಣಿಯ ಹೂಗಳು, ಗಣಿ ಕಾರ್ಮಿಕರ ಕುಟುಂಬಗಳ ಹೆಸರುಗಳು. ಅವುಗಳ ನಡುವೆ ಹುಡುಕುತ್ತ ನಡೆದೆವು. “ಅಪ್ಪಾ, ಬಂಗಾಳಿ ಅಕ್ಷರ!” ಎಂದು ಮಗಳು ಕೂಗಿದಳು. ಓಡಿದೆ. ಎಲ್ಲಿಂದೆಲ್ಲಿಯ ಅಕ್ಷರ, ಎಲ್ಲಿಯ ಮಣ್ಣು! ಮನೆಯ ಹುಡುಗನ ಹೆಗಲು ಹಿಡಿಯುವಂತೆ ಕಲ್ಲಿನ ಮೇಲೆ ಕೈಯಿಟ್ಟು ನಿಂತೆ.

ಇಬ್ಬರಿಗೂ ಬಂಗಾಳಿ ಓದಲು ಬರುವುದಿಲ್ಲ. ಮಗಳು ಫೋಟೊ ತೆಗೆದು ಬೆಂಗಳೂರಿನ ನಮ್ಮ ಪಕ್ಕದ ಮನೆಯ ದೀದಿಗೆ ಕಳಿಸಿದಳು. ಅಲ್ಲಿ ಮಧ್ಯಾಹ್ನ ಮೂರೂವರೆ. ಅವರೇ ಫೋನ್ ಮಾಡಿ ನಿಧಾನವಾಗಿ ಓದಿದರು: “ಮಹಾಬೀರೇರ್ ಶಮಾಧಿ, ಶಂಭ್ರಮ್ ದೇಖಾವ್, ಸ್ಪರ್ಶೊ ಕೊರೊ ನಾ.”

ಕೇಳಿದ್ದೆಲ್ಲ ನಮ್ಮ ಮಾತೇ ಅನ್ನಿಸಿತು. ಮಹಾವೀರ, ಸಮಾಧಿ, ಸ್ಪರ್ಶ. ಒಂದೇ ಒಂದು ಪದ ಒಳಗೆ ಇಳಿಯದೆ ನಿಂತಿತು. “ಸಂಭ್ರಮ ಅಂದ್ರೆ? ಸಮಾಧಿ ಹತ್ರ ಎಂಥ ಸಂಭ್ರಮ ದೀದಿ?”

“ನಿಮ್ಮ ಹಬ್ಬದ ಸಂಭ್ರಮ ಅಲ್ಲಪ್ಪ. ನಮ್ಮಲ್ಲಿ ಹಾಗಂದ್ರೆ ಗೌರವ, ಮರ್ಯಾದೆ. ಮಹಾವೀರನ ಸಮಾಧಿ, ಗೌರವ ತೋರಿಸು, ಮುಟ್ಟಬೇಡ ಅಂತ.” ಆಮೇಲೆ ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ತವರು ಕಲ್ಕತ್ತೆಯ ಭವಾನಿಪುರ. ಅಲ್ಲಿನ ಇಂದ್ರ ರಾಯ್ ರೋಡಿನಲ್ಲಿ ಎಷ್ಟೋ ಸಲ ಓಡಾಡಿದ್ದರೂ ಈ ಹುಡುಗ ಎಲ್ಲಿ ಮಲಗಿದ್ದಾನೆಂದು ಕೇಳಿರಲಿಲ್ಲವಂತೆ.

ನಾನು ಕೈ ತೆಗೆದೆ.

ಕಲ್ಲಿನ ಅಂಚಿನಲ್ಲಿ ಒಂದು ಒಣ ಎಲೆ ಕೂತಿತ್ತು, ಕೆತ್ತಿದ ಅಕ್ಷರದ ತಲೆಕಟ್ಟನ್ನು ಅರ್ಧ ಮುಚ್ಚಿಕೊಂಡು. ಮಗಳು ತೆಗೆಯಲು ಕೈ ಚಾಚಿದವಳು ನನ್ನ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮಂಡಿಯೂರಿ, ಬಗ್ಗಿ, ಉಸಿರು ತುಂಬಿಕೊಂಡು ಮೆಲ್ಲಗೆ ಊದಿದಳು. ಎಲೆ ಹುಲ್ಲಿಗೆ ಬಿತ್ತು.