ನೆಲದ ಆಕ್ಷೇಪಣೆ

ನಗುವಿಗೂ ಭಯಕ್ಕೂ ನಡುವೆ ಗೋಡೆಯಿಲ್ಲದ ಊರುಗಳುಂಟು. ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದುವು. ಆ ಪಾತಾಳದಲ್ಲಿ ಒತ್ತಡವನ್ನು ತಾಳಲಾರದೆ ಬಂಡೆ ಸಿಡಿದರೆ ಮೇಲಣ ಮನೆಗಳ ಪಾತ್ರೆಗಳು ನಡುಗುತ್ತಿದ್ದುವು. ಊರಿನವರು ಇದಕ್ಕೆ ಒಗ್ಗಿದ್ದರು.

2001ರಲ್ಲಿ ಗಣಿ ಮುಚ್ಚುವುದಕ್ಕೆ ಬಹುಕಾಲ ಮೊದಲು, ಬಂಗಾರಪೇಟೆಯ ವರ್ತಕರೊಬ್ಬರು ಮಾರಿಕುಪ್ಪದ ರೈಲನ್ನೇರಿ, ತಮ್ಮ ಹಳೆಯ ನೆರೆಯವನ ಮಗಳ ಮದುವೆಗೆಂದು ಗಣಿಯೂರಿನ ಚರ್ಚಿಗೆ ಬಂದರು. ಓಲಗವಿಲ್ಲದ ಮದುವೆಯೂ ಉಂಟೆ ಎಂದು ಬೆರಗಾಗಿ ಕುಳಿತರು. “ಈ ವಿವಾಹಕ್ಕೆ ಆಕ್ಷೇಪಣೆಯುಳ್ಳವರು ಈಗಲೇ ತಿಳಿಸತಕ್ಕದ್ದು” ಎಂದರು ಪಾದ್ರಿಗಳು. ಸಭೆ ಮೌನವಾಗಿದ್ದಿತು, ನೆಲವೇ ಗುಡುಗಿತು. ವರ್ತಕರು “ನಾರಾಯಣ!” ಎನ್ನುತ್ತ ಹೊಸ್ತಿಲು ದಾಟಿದರು. ವರನ ತಾತ, ಗಣಿಯಲ್ಲಿ ದುಡಿದು ಮುದುಕನಾದವನು, “ಅಯ್ಯನವರೇ, ಮುಂದುವರಿಸಿ, ಅದು ಬಂಡೆಯ ಗೊಣಗಾಟ, ಲೆಕ್ಕಕ್ಕಿಲ್ಲ” ಎಂದನು. ಸಭೆಯೆಲ್ಲವೂ ನಕ್ಕಿತು.

ವಧುವಿನ ಅತ್ತಿಗೆ ಮಾತ್ರ ನಗಲಿಲ್ಲ. ಆಕೆಯ ಗಂಡನಿಗೆ ರಜೆ ದೊರೆತಿರಲಿಲ್ಲ; ಅವನು ಕೆಳಗಿದ್ದನು. ನಾಚುತ್ತ ಮರಳಿದ ವರ್ತಕರು ಆಕೆಯ ಮುಖವನ್ನು ಕಂಡು, ಸಂಜೆಯ ರೈಲನ್ನು ಬಿಟ್ಟುಕೊಟ್ಟು, ಮನೆಯವರೊಡನೆ ಗಣಿಯ ಬಾಗಿಲಲ್ಲಿ ಕಾದು ನಿಂತರು. ಷಿಫ್ಟು ಮುಗಿದು, ಮೈಯೆಲ್ಲ ಧೂಳಾಗಿ ಮೇಲೆ ಬಂದವನು ಮೊದಲು ಕೇಳಿದ್ದು, “ಮದುವೆಯ ಊಟ ಉಳಿದಿದೆಯೆ?” ಎಂದು. ಆಗ ಆಕೆ ನಕ್ಕಳು, ವರ್ತಕರು ಕಣ್ಣೊರಸಿಕೊಂಡರು.