ಒಂದು ಬಿಲ್, ಎರಡು ಕಡಿತ: 4,720 ರೂಪಾಯಿ ವಾಪಸ್ ಬಂದ ದಾರಿ

ಹೋದ ವರ್ಷ ಜೂನ್ 6ರ ಬೆಳಿಗ್ಗೆ ನನ್ನ ಮೊಬೈಲಿಗೆ ಬೆನ್ನಿಗೆ ಬೆನ್ನು ಎರಡು ಮೆಸೇಜ್ ಬಂದವು. ಎರಡರಲ್ಲೂ ಒಂದೇ ಕಂಪನಿ, ಒಂದೇ ಮೊತ್ತ: 4,720 ರೂಪಾಯಿ. ನಾನು ಬಳಸುವ ಡಿಸೈನ್ ಸಾಫ್ಟ್‌ವೇರ್‌ನ ವರ್ಷದ ಚಂದಾ ಅದು. 4,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಡಿತ ಆಗುವ ವ್ಯವಸ್ಥೆ. ಒಂದು ಸಲ ಆಗಬೇಕಿತ್ತು, ಎರಡು ಸಲ ಆಗಿತ್ತು.

ಓದು ಮುಗಿಸಿ ಊರಿಗೆ ಬಂದ ಮೇಲೆ ವರದಿಗಾರಿಕೆಯ ಜೊತೆಗೆ ನನ್ನ ಹೊಟ್ಟೆ ಹೊರೆಯುವುದು ಈ ಸಾಫ್ಟ್‌ವೇರೇ. ಮದುವೆ ಕಾರ್ಡು, ಜಾತ್ರೆ ಪೋಸ್ಟರು, ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲ ಅದರಲ್ಲೇ. ನನ್ನ ಕಾರ್ಡಿನ ಮಿತಿ 15,000 ರೂಪಾಯಿ. ಅದರಲ್ಲಿ 9,440 ಒಂದೇ ಏಟಿಗೆ ಹೋಯಿತು. ಹಾವೇರಿ ಕಡೆ ಜೂನ್ ಅಂದರೆ ಬೀಜ, ಗೊಬ್ಬರದ ತಿಂಗಳು. ಗೋವಿನಜೋಳದ ಬೀಜಕ್ಕೆ ಅಂಗಡಿಯಲ್ಲಿ ಕಾರ್ಡ್ ಉಜ್ಜೋಣ ಎಂದುಕೊಂಡಿದ್ದೆ. ಉಳಿದ ಮಿತಿ ಅದಕ್ಕೆ ಸಾಲುತ್ತಿರಲಿಲ್ಲ.

'ಅಷ್ಟ್ ದೊಡ್ಡ ಕಂಪನಿಗೆ ಲೆಕ್ಕಾ ಗೊತ್ತಿಲ್ಲೇನೋ ತಮ್ಮಾ?' ಎಂದಳು ಅವ್ವ.

ಗೆಳೆಯನೊಬ್ಬ ಅಲ್ಲೇ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಹಚ್ಚಿದ. ಆ ಕಡೆಯವನು ಎರಡೇ ಮಾತಿಗೆ, 'ಒಂದು ಆ್ಯಪ್ ಕಳಿಸ್ತೀವಿ, ಹಾಕಿಕೊಳ್ಳಿ, ದುಡ್ಡು ಈಗಲೇ ವಾಪಸ್' ಎಂದ. 'ಲೇ, ಮೊದಲ ಕಟ್ ಮಾಡು' ಎಂದೆ. ಅಂಥ ಆ್ಯಪ್ ಹಾಕಿದರೆ ನಮ್ಮ ಮೊಬೈಲ್ ಪರದೆ ಅವರ ಕೈಗೆ ಹೋಗುತ್ತದೆ, ಬರುವ ಒಟಿಪಿ ಅವರಿಗೂ ಕಾಣುತ್ತದೆ. ಬ್ಯಾಂಕಿನ ನಂಬರ್ ಬೇಕಿದ್ದರೆ ಕಾರ್ಡಿನ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಕಂಪನಿಯನ್ನು ಅದರ ಆ್ಯಪ್ ಅಥವಾ ವೆಬ್‌ಸೈಟಿನ ಒಳಗಿನಿಂದಲೇ ಸಂಪರ್ಕಿಸಬೇಕು.

ಮೊದಲು ಮೂರು ದಿನ ಸುಮ್ಮನಿದ್ದೆ. ಅದಕ್ಕೊಂದು ಕಾರಣವಿದೆ. ಕಾರ್ಡಿನಲ್ಲಿ ಕಡಿತ ಎರಡು ಹಂತದಲ್ಲಿ ಆಗುತ್ತದೆ. ಮೊದಲು ಅಷ್ಟು ಮೊತ್ತವನ್ನು ಬ್ಯಾಂಕ್ ಹಿಡಿದಿಡುತ್ತದೆ. ಆ್ಯಪ್‌ನಲ್ಲಿ 'ಪೆಂಡಿಂಗ್' ಎಂದು ಕಾಣುವುದು ಇದೇ. ಕಂಪನಿ ಹಣ ಕೇಳಿ ಪಡೆದಾಗ ಮಾತ್ರ ಕಡಿತ ಪಕ್ಕಾ ಆಗುತ್ತದೆ. ಕೆಲವೊಮ್ಮೆ ಎರಡಾಗಿ ಕಂಡದ್ದರಲ್ಲಿ ಒಂದು ಬರೀ ಹಿಡಿದಿಟ್ಟದ್ದಾಗಿರುತ್ತದೆ, ಕೆಲವು ದಿನಗಳಲ್ಲಿ ತಾನೇ ಬಿಟ್ಟುಹೋಗುತ್ತದೆ. ನನ್ನದು ಹಾಗಾಗಲಿಲ್ಲ. 9ನೇ ತಾರೀಖಿಗೆ ಎರಡೂ ಪಕ್ಕಾ ಆಗಿದ್ದವು.

ಆಮೇಲೆ ಪುರಾವೆ ಜೋಡಿಸಿದೆ. ಇಲ್ಲಿ ಒಂದು ನಿಯಮ ನನ್ನ ಕೈಹಿಡಿಯಿತು. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ವ್ಯವಸ್ಥೆಯ ಪ್ರಕಾರ, ಇಂಥ ತಾನಾಗಿ ಆಗುವ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ನನಗೆ ಮುನ್ಸೂಚನೆ ಬಂದದ್ದು ಒಂದೇ. ಕಂಪನಿ ಕಳಿಸಿದ ಬಿಲ್ಲೂ ಒಂದೇ. ಖಾತೆಯಲ್ಲಿ ಕಾಣುವ ಚಂದಾವೂ ಒಂದೇ. ಕಡಿತ ಮಾತ್ರ ಎರಡು. ಈ ನಾಲ್ಕರ ಸ್ಕ್ರೀನ್‌ಶಾಟ್ ಸೇರಿಸಿ ಕಂಪನಿಗೆ ಬರೆದೆ.

ಎರಡು ದಿನಕ್ಕೆ ಉತ್ತರ ಬಂತು: ನಮ್ಮ ದಾಖಲೆಯಲ್ಲಿ ಒಂದೇ ಪಾವತಿ ಇದೆ, ಬ್ಯಾಂಕನ್ನು ಕೇಳಿ. ಬ್ಯಾಂಕಿಗೆ ಫೋನ್ ಮಾಡಿದರೆ, ಕಂಪನಿಯೇ ಎರಡು ಸಲ ತೆಗೆದುಕೊಂಡಿದೆ, ಅವರನ್ನು ಕೇಳಿ ಎಂದರು. ಪಂಚಾಯ್ತಿಗೂ ತಾಲೂಕು ಕಚೇರಿಗೂ ಅಲೆದವರಿಗೆ ಈ ಆಟ ಹೊಸದಲ್ಲ.

ಗಂಟು ಬಿಚ್ಚಿದ್ದು ಒಂದು ನಂಬರು. ಕಾರ್ಡಿನಲ್ಲಿ ಪಕ್ಕಾ ಆದ ಪ್ರತಿಯೊಂದು ಕಡಿತಕ್ಕೂ 23 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕೆ ಎಆರ್‌ಎನ್ ಅನ್ನುತ್ತಾರೆ. ಹಣ ಯಾವ ಬ್ಯಾಂಕಿನ ಮೂಲಕ ಕಂಪನಿಗೆ ಹೋಯಿತು ಎಂಬುದನ್ನು ಅದರಿಂದ ಹುಡುಕಬಹುದು. 'ಎರಡೂ ಕಡಿತದ ಎಆರ್‌ಎನ್ ಕೊಡಿ' ಎಂದು ಬ್ಯಾಂಕಿಗೆ ಇಮೇಲ್ ಮಾಡಿದೆ. ನಾಲ್ಕು ದಿನಕ್ಕೆ ಕೊಟ್ಟರು, ಎರಡು ಬೇರೆ ಬೇರೆ ಸಂಖ್ಯೆ. ಅವನ್ನು ಕಂಪನಿಗೆ ಕಳಿಸಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಜೂನ್ 25ಕ್ಕೆ ಒಪ್ಪಿಕೊಂಡರು.

ಅದೇ ಹೊತ್ತಿಗೆ ಬ್ಯಾಂಕಿನಲ್ಲೂ ತಕರಾರು ಅರ್ಜಿ ಹಾಕಿದ್ದೆ. ಕಂಪನಿ ಕೊಡದಿದ್ದರೆ ಬ್ಯಾಂಕ್ ಮೂಲಕ ಹಣ ಹಿಂದಕ್ಕೆ ತರಿಸುವ ದಾರಿ ಇದೆ. ಅದಕ್ಕೂ ಗಡುವಿರುತ್ತದೆ, ಸಾಮಾನ್ಯವಾಗಿ 120 ದಿನ. ಕಂಪನಿಯ ಉತ್ತರ ಕಾಯುತ್ತಾ ಆ ಗಡುವು ಮೀರಬಾರದು. ಫೋನಿನಲ್ಲಿ ಬ್ಯಾಂಕಿನ ಹುಡುಗ, 'ಫ್ರಾಡ್ ಅಂತ ಬರೆದುಕೊಳ್ಳಲಾ ಸರ್?' ಎಂದು ಕೇಳಿದ. ಬೇಡ ಎಂದೆ. ಮೋಸ ಎಂದು ಬರೆಸಿದರೆ ಕಾರ್ಡ್ ಬಂದ್ ಆಗುತ್ತದೆ, ಹೋದ ಹಣ ಅದರಿಂದ ಬರುವುದಿಲ್ಲ. ವಿಚಾರಣೆಯಲ್ಲಿ ಈ ಕಂಪನಿ ನನಗೆ ಪರಿಚಿತ ಎಂದು ತಿಳಿದರೆ ಅರ್ಜಿಯೇ ಬಿದ್ದುಹೋಗಬಹುದು. ನಾನು ಬರೆದದ್ದು ಇಷ್ಟೇ, ಬೇಕಾದವರು ಬಳಸಿಕೊಳ್ಳಿ:

'ಈ ಕಂಪನಿಯ ಚಂದಾ ನನ್ನದೇ. ಜೂನ್ 6ರ ಮೊದಲ ಕಡಿತ ಸರಿಯಿದೆ. ಅದೇ ದಿನದ ಎರಡನೇ ಕಡಿತ ಅದೇ ಬಿಲ್ಲಿಗೆ ಮತ್ತೊಮ್ಮೆ ಆಗಿದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ, ಬೇರೆ ಬಿಲ್ಲೂ ಇಲ್ಲ. ಎರಡನೆಯದನ್ನು ಮಾತ್ರ ವಾಪಸ್ ಕೊಡಿಸಿ. ದೂರಿನ ಸಂಖ್ಯೆ ತಿಳಿಸಿ.'

ಎಲ್ಲಕ್ಕಿಂತ ಕಷ್ಟವಾದದ್ದು ಕಾರ್ಡಿನ ಬಿಲ್. ಕಟ್ಟಲು ಜೂನ್ 28 ಕೊನೇ ದಿನ. ಕಂಪನಿ ಒಪ್ಪಿಕೊಂಡಿದ್ದರೂ ಹಣ ಬಂದಿರಲಿಲ್ಲ. 'ತಕರಾರಿನ ಹಣ ಬಿಟ್ಟು ಉಳಿದದ್ದು ಕಟ್ಟಿದರೆ ಬಡ್ಡಿ ಬೀಳುವುದಿಲ್ಲ ಎಂದು ಬರೆದುಕೊಡಿ' ಎಂದು ಕೇಳಿದೆ. ಬಾಯಲ್ಲಿ ಹೇಳಿದರು, ಬರೆದುಕೊಡಲಿಲ್ಲ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ವರ್ಷಕ್ಕೆ 42. ಪೂರ್ತಿ ಕಟ್ಟದಿದ್ದರೆ ಖರೀದಿ ಮಾಡಿದ ದಿನದಿಂದಲೇ ಲೆಕ್ಕ ಶುರು, ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಅವ್ವ ಮಹಿಳಾ ಸಂಘದ ಕಂತಿಗೆಂದು ಕೂಡಿಟ್ಟಿದ್ದ ದುಡ್ಡು ತೆಗೆದುಕೊಟ್ಟಳು. 27ಕ್ಕೆ ಪೂರ್ತಿ ಕಟ್ಟಿದೆ. ಬೀಜ ಉದ್ರಿ ತಂದೆವು.

ಜುಲೈ 2ಕ್ಕೆ 4,720 ರೂಪಾಯಿ ಬಂತು. ಬಂದದ್ದು ಕಾರ್ಡ್ ಖಾತೆಗೆ, ಉಳಿತಾಯ ಖಾತೆಗಲ್ಲ. ಸುಮ್ಮನಿದ್ದರೆ ಮುಂದಿನ ಬಿಲ್ಲಿಗೆ ಜಮಾ ಆಗುತ್ತಿತ್ತು. ಆದರೆ ಗ್ರಾಹಕ ಕೇಳಿದರೆ ಅದನ್ನು ಬ್ಯಾಂಕ್ ಖಾತೆಗೆ ಹಾಕಬೇಕೆಂಬ ನಿಯಮವಿದೆ. ಕೇಳಿದೆ, ಹಾಕಿದರು. ಅವ್ವನ ಕಂತು ತಪ್ಪಲಿಲ್ಲ.

ಕ್ರೆಡಿಟ್ ಕಾರ್ಡ್ ನಮ್ಮ ಹತ್ತಿರ ಎಲ್ಲಿದೆ ಎನ್ನುವವರಿಗೂ ಇದರಲ್ಲಿ ಕೆಲಸದ ಮಾತಿದೆ. ಅಂಗಡಿಯಲ್ಲಿ ಫೋನ್‌ಪೇ ಮಾಡಿದಾಗ ನಿಮ್ಮ ಖಾತೆಯಿಂದ ಹೋಗಿ ಅಂಗಡಿಯವರಿಗೆ ಮುಟ್ಟದಿದ್ದರೆ, 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ವಿಫಲವಾದ ಪಾವತಿಗೆ ಮಾತ್ರ. ನನ್ನಂತೆ ಎರಡೂ ಮುಟ್ಟಿದ್ದರೆ ಕೇಳಿಯೇ ಪಡೆಯಬೇಕು.

ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಕಂಪನಿಯ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915. ನಿಜವಾಗಿ ಮೋಸ ಹೋಗಿದ್ದರೆ ತಡಮಾಡದೆ 1930. ದೂರಿನ ಸಂಖ್ಯೆ ಮತ್ತು ತಾರೀಖನ್ನು ಬರೆದಿಡಿ. ಅದಿಲ್ಲದಿದ್ದರೆ 30 ದಿನ ಆಯಿತೆಂದು ತೋರಿಸುವುದು ಕಷ್ಟ.

ಕಂಪನಿಯ ಕೊನೆಯ ಇಮೇಲ್‌ನಲ್ಲಿ 'ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂಬ ಒಂದು ಸಾಲಿತ್ತು. ನನ್ನ ಹಣ ಅವರ ಹತ್ತಿರ 26 ದಿನ ಇತ್ತು. ಅಷ್ಟೇ ಹಣವನ್ನು ನಾನು ಅಷ್ಟು ದಿನ ಕಾರ್ಡಿಗೆ ಬಾಕಿ ಉಳಿಸಿದ್ದರೆ ಸುಮಾರು 141 ರೂಪಾಯಿ ಬಡ್ಡಿ ಬೀಳುತ್ತಿತ್ತು. ಅವರ ಕಡೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಈ ಲೆಕ್ಕವನ್ನೂ ಅವರಿಗೆ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.